ಹತ್ತಾದ ನೀರು

ಅಜ್ಮಾನಿನಿಂದ ಲಾಂಡ್ರಿ ವ್ಯಾನಿನಲ್ಲಿ ಹೊರಟೆವು,
ಜನವರಿಯ ಭಾನುವಾರ, ನಸುಕು ಐದಕ್ಕೆ.
ಕಂಬಿಗೆ ನೇತುಬಿದ್ದ ಖಾಲಿ ಹ್ಯಾಂಗರುಗಳು
ಪ್ರತಿ ಹಂಪಿಗೂ ಒಂದನ್ನೊಂದು ಮಾತಾಡಿಸುತ್ತಿದ್ದವು.
ಯಾರದೋ ಒಂದು ಕಂದೂರಾ ಇಳಿಸಲು ಮರೆತು
ಐದನೆಯವನಾಗಿ ನಮ್ಮ ಜೊತೆ ಬಂತು,
ಪ್ಲಾಸ್ಟಿಕ್ಕಿನೊಳಗೆ, ಬೆಳ್ಳಗೆ, ತಲೆಯಿಲ್ಲದೆ.

ಸ್ಟೇರಿಂಗಿನಲ್ಲಿ ಶೇಕಬ್ಬ. ಪಕ್ಕದಲ್ಲಿ ಲಾದ್ರು,
ಅವನ ಮಡಿಲಲ್ಲಿ ಕೋಳಿ ಸುಕ್ಕದ ಡಬ್ಬಿ.
ಹಿಂದೆ ರಟ್ಟು ಹಾಸಿ ನಾನೂ ಯಮನಪ್ಪನೂ.
ಹಾಗೆ ಕೂರುವುದು ತಪ್ಪು, ಸಿಕ್ಕರೆ ದಂಡ.
ಶೇಕಬ್ಬನಿಗೂ ಗೊತ್ತು, ನಮಗೂ ಗೊತ್ತು,
ಅದಕ್ಕೇ ಯಾರೂ ಮಾತೆತ್ತಲಿಲ್ಲ.

ಶಾರ್ಜಾ ದಾಟುವಾಗ ಮಂಜು.
ಮುಂದಿನ ಲಾರಿಯ ಎರಡು ಕೆಂಪು ದೀಪ ನಂಬಿ ಹೋದೆವು,
ಜಾತ್ರೆಯಲ್ಲಲ್ಲ, ಆಸ್ಪತ್ರೆಯ ಕಾರಿಡಾರಿನಲ್ಲಿ
ನರ್ಸಿನ ಹಿಂದೆ ಹೋಗುವವರ ಹಾಗೆ.

ಮದಾಮಿನ ಹತ್ತಿರ ಮಂಜು ಹರಿಯಿತು.
ಕೆಂಪು ಮರಳು. ಬೇಲಿಯಾಚೆ ಒಂದು ಒಂಟೆ
ಪಾಸ್‌ಪೋರ್ಟ್ ಕೌಂಟರಿನವನಂತೆ
ನಮ್ಮನ್ನು ನಿಧಾನ ನೋಡಿ, ಹೋಗಲಿ ಎಂದಿತು.
ಕರಕ್ ಚಹಾ, ಕಾಗದದ ಲೋಟ,
ಹನ್ನೊಂದು ಡಿಗ್ರಿ ಅಂತ ಫೋನು.
ಲಾದ್ರುವಿನ ತಲೆಗೆ ಹತ್ತು ದಿರಮಿನ ಗುಲಾಬಿ ಟೊಪ್ಪಿಗೆ,
ಹೆಂಗಸರದ್ದು ಅಂತ ಯಾರೂ ಹೇಳಲಿಲ್ಲ.

ಆಮೇಲೆ ಬೆಟ್ಟ.
ಒಂದೇ ಒಂದು ಹಸಿರೆಲೆಯ ಮುಲಾಜಿಲ್ಲ.
ಹನ್ನೆರಡು ವರ್ಷ ಹಬೆಯ ಮುಂದೆ ನಿಂತವನು ನಾನು,
ಸುಕ್ಕು ಕಂಡರೆ ಕೈ ತಾನೇ ಚಾಚುತ್ತದೆ.
ಇಲ್ಲಿ ಮೈಲಿಗಟ್ಟಲೆ ಸುಕ್ಕು,
ಕಂದು, ನೇರಳೆ, ಸುಟ್ಟ ಇಟ್ಟಿಗೆಯ ಬಣ್ಣ,
ಯಾರೋ ಹಿಂಡಿ, ಕೊಡವದೆ, ಹಾಗೇ ಬಿಸಾಕಿ ಹೋದ
ದೊಡ್ಡ ಅರಿವೆ.
ಇರಲಿ ಬಿಡು ಅಂದೆ ಕೈಗೆ,
ಇದು ನಮ್ಮ ಅಂಗಡಿಗೆ ಬಂದದ್ದಲ್ಲ.

ಅಣೆಕಟ್ಟಿನ ಮೇಲೆ ನಿಂತು ನೋಡಿದರೆ ನೀರು,
ಹಳೆಯ ಔಷಧಿ ಸೀಸೆಯ ಬಣ್ಣ,
ಅದರ ಮೇಲೆ ಹಳದಿ ಕೆಂಪು ಕಿತ್ತಳೆ ದೋಣಿಗಳು,
ಕಿರುಚುವ ಮಕ್ಕಳು, ಹದಿನೈದು ದೇಶದ ನಗು.
ನಾಲ್ಕು ಟಿಕೆಟು ತೆಗೆದೆ! ಲಾದ್ರು ಕೂಗಿದ.

ಯಮನಪ್ಪ ಕಲ್ಲಿನ ಮೇಲೆ ಕೂತ. ಬೂಟು ಬಿಚ್ಚಿದ.
"ಇದರ ತಳಕ್ಕ ಯಾವ ಊರೈತಿ?"

ಊರಿಲ್ಲ ಮಾರಾಯ, ಶೇಕಬ್ಬ ನಕ್ಕ, ಬರೀ ಕಲ್ಲು,
ಮಳೆ ಬಂದರೆ ಹರಿಯುವ ವಾದಿ, ಅದಕ್ಕೊಂದು ಅಡ್ಡಗೋಡೆ.

"ಹಂಗ ಅಂತಾರ.
ನಮ್ಮಲ್ಲೂ ಹಂಗ ಅಂದಿದ್ರು. ಏನೈತಿ ಅಲ್ಲೆ,
ನಾಕು ಮಣ್ಣಿನ ಮನಿ, ಒಂದು ಬೇವಿನ ಗಿಡ."

ಆರು ವರ್ಷ ಒಂದೇ ಕೋಣೆ,
ಅವನ ಮಂಚದ ಕೆಳಗೆ ನನ್ನ ಮಂಚ.
ಅವನ ಗೊರಕೆ ಗೊತ್ತು, ಬೀಪಿ ಗುಳಿಗೆಯ ಹೊತ್ತು ಗೊತ್ತು,
ಆಲಮಟ್ಟಿಯ ಹಿನ್ನೀರು ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ನೀರು ಸರಿದಾಗ
ಶಾಲೆಯ ಗೋಡೆ ಎದೆಮಟ್ಟ ಏಳುತ್ತದಂತೆ,
ಅದರ ಮೇಲೆ 'ಒಂದನೇ ಇಯತ್ತೆ' ಅಂತ,
ಇಯತ್ತೆಯ ತ್ತೆ ಹೋಗಿದೆಯಂತೆ.
ಅವನವ್ವ ಸರಕಾರ ಕೊಟ್ಟ ಹೊಸ ಮನೆಯಲ್ಲಿ
ರಾತ್ರಿ ಎಚ್ಚರಾದರೆ ಹಳೆಯ ಬಾಗಿಲ ಕಡೆಗೇ ನಡೆದು
ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದಳಂತೆ,
ವರ್ಷಾನುಗಟ್ಟಲೆ.
ಕೊನೆಗೆ ಅವನಪ್ಪ ಅಲ್ಲಿ ಒಂದು ದಿಂಬು ಜಡಿದನಂತೆ.

ಅಷ್ಟೇ ಹೇಳಿದ, ಕಾಲ್ಬೆರಳ ಸಂದಿಯ ಮರಳು ತೆಗೆಯುತ್ತ.
ದಿಂಬಿನ ಮಾತಿಗೆ ಲಾದ್ರು ನಗಲು ಹೋಗಿ
ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಟಿಕೆಟಿನ ದುಡ್ಡು ವಾಪಸು ಬರುವುದಿಲ್ಲ.
ಅದಕ್ಕೇ ಇರಬೇಕು, ಅವನೂ ಹತ್ತಿದ,
ಬೂಟು ದಡದಲ್ಲೇ ಬಿಟ್ಟು.
ನಡುನೀರಿನಲ್ಲಿ ಶೇಕಬ್ಬ ಜೋರಾಗಿ ಹುಟ್ಟು ಹಾಕಿದ.
"ಹಗೂರ," ಅಂದ ಯಮನಪ್ಪ, "ಹಗೂರ ಹಾಕೋ,"
ಮಲಗಿದವರ ಕೋಣೆಯಲ್ಲಿ ಹೇಳುವಷ್ಟು ಸಣ್ಣ ದನಿಯಲ್ಲಿ.

ವಾಪಸು ಬರುವಾಗ ಕತ್ತಲು.
ರಟ್ಟಿನ ಮೇಲೆ ಅವನಿಗೆ ನಿದ್ದೆ ಹತ್ತಿತು.
ಹ್ಯಾಂಗರುಗಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತೆ,
ಶಾರ್ಜಾದ ದೀಪ ಬರುವತನಕ,
ಬಂದ ಮೇಲೂ ಸ್ವಲ್ಪ ಹೊತ್ತು.

ಕಂದೂರಾಕ್ಕೆ ಸುಕ್ಕದ ವಾಸನೆ ಹಿಡಿದಿತ್ತು.
ನಾಳೆ ಮತ್ತೆ ಒಗೆಯಬೇಕು.