ಮೂವತ್ತಮೂರಕ್ಕೆ ಇಳಿಸು

ಬೆಳಗಿನಿಂದ ಕಬ್ಬಿನ ಬೂದಿ ಬೀಳುತ್ತಿದೆ.
ಕಟಾವಿಗೆ ಮುಂಚೆ ಗದ್ದೆಗೆ ಬೆಂಕಿಯಿಟ್ಟಿದ್ದಾರೆ ಊರಾಚೆ.
ಕಾಲಿ ಪಟ್ಟಣದ ನಮ್ಮ ಓಣಿಯಲ್ಲಿ
ಒಗೆದು ಹರವಿದ ಮೇಜುಬಟ್ಟೆಯ ಮೇಲೆ
ಯಾರೋ ಕ್ಷೌರ ಮಾಡಿಸಿಕೊಂಡ ಹಾಗೆ ಕಪ್ಪು ಎಳೆ.
ಅಪ್ಪನ ಚಿಂತೆಯೆಲ್ಲ ಒಳಕೋಣೆಯ ಕಿಟಕಿ:
"ಮುಚ್ಚೇ, ಮುಚ್ಚು! ತಟ್ಟೆಗಳ ಮೇಲೆ ಕೂತೀತು!"

ಲಿಬಾರ್ದೊಗೆ ಇವತ್ತು ಎಪ್ಪತ್ತೆಂಟು.
ತಟ್ಟೆಗಳು ಮೂರು ಸಾವಿರದ ನಾನೂರ ಹನ್ನೊಂದು.
ಮಕ್ಕಳು ಇಬ್ಬರೇ; ನಮ್ಮ ಹುಟ್ಟಿದ ದಿನ ಕೇಳಿದರೆ ತಡವರಿಸುತ್ತಾನೆ.
ತಟ್ಟೆಯದಾದರೆ ಯಾವ ಹಡಗು, ಯಾವ ನಾವಿಕ,
ಏನು ಕೊಟ್ಟು ಕೊಂಡದ್ದು (ಒಂದು ಜೊತೆ ಬೂಟು, ಒಮ್ಮೆ ಅಜ್ಜನ ಗಡಿಯಾರ),
ಆ ದಿನ ಬ್ವೆನವೆಂತುರಾ ಬಂದರಿನಲ್ಲಿ ಮಳೆಯೋ ಬಿಸಿಲೋ,
ಎಲ್ಲ ನಾಲಗೆ ತುದಿಯಲ್ಲಿ.
ಮಳೆಯೇ. ಅಲ್ಲಿ ಯಾವಾಗಲೂ ಮಳೆಯೇ.

ನಾಲ್ಕಕ್ಕೆ ಬರತೊಡಗಿದರು ಹಳೆಯ ಕುಣಿತದವರು.
ಎರಡು ಬಣ್ಣದ ಬೂಟಿನ ಫನೋರ್,
ಸೊಂಟಕ್ಕೆ ಡಾಕ್ಟರು ಕೊಟ್ಟ ಪಟ್ಟಿ ಬಿಗಿದ ಎಲ್ಬಾ,
ಕಿವಿಯ ಯಂತ್ರ ಕಿತ್ತು ಜೇಬಿಗಿಳಿಸಿದ ಒಬ್ದುಲಿಯೊ:
"ತಾಳ ಏರುವುದು ಅಂಗಾಲಿಂದ ಮಗಳೇ, ಕಿವಿಗೇನು ಕೆಲಸ?"

ಸೂಜಿ ಇಡುವುದು ನಾನು. ಅಪ್ಪನ ಕೈ ನಡುಗುತ್ತದೆ ಈಗ.
ಮೂವತ್ತಮೂರರ ತಟ್ಟೆಯನ್ನು ನಲವತ್ತೈದಕ್ಕೆ ತಿರುಗಿಸುವುದು
ಇವರ ಕಾಲದ ರೂಢಿ; ಹೊರಗಿನವರಿಗೆ ಹುಚ್ಚು.
ದೂರದೂರಿನ ಹಾಡುಗಾರರು ಪಾಪ, ತಮ್ಮ ಪಾಡಿಗೆ ಹಾಡಿದ್ದರು,
ಇವರ ಕಾಲಿಗೆ ಸಾಲಲಿಲ್ಲ.
ಲಿವರ್ ಎಳೆದರು. ತುತ್ತೂರಿ ಚೀರಿತು,
ಗಂಡುದನಿ ಹೆಣ್ಣಾಯಿತು, ಹೆಣ್ಣುದನಿ ಹಕ್ಕಿಯಾಯಿತು,
ಸಕ್ಕರೆ ಕಾರ್ಖಾನೆಯಿಂದ ಬಂದ ದಣಿದ ಕಾಲು ನೆಲ ಬಿಟ್ಟಿತು.

ಐದೂವರೆಗೆ ಬಾಗಿಲಲ್ಲಿ ಅಮ್ಮ.

ನಲವತ್ತೊಂದು ವರ್ಷದ ಕೆಳಗೆ
"ನನ್ನ ಕಣ್ಣೊರೆಸಲಿಲ್ಲ, ತಟ್ಟೆ ಒರೆಸುತ್ತ ಕೂತೆ" ಎಂದು ಹೋದವಳು.
ಪಾತ್ರೆ ಒಯ್ಯಲಿಲ್ಲ, ಪೆಟ್ಟಿಗೆ ಒಯ್ಯಲಿಲ್ಲ,
ನಮ್ಮನ್ನು ಕರೆದೊಯ್ದದ್ದೂ ವಾರದ ಮೇಲೆ;
ಆ ಒಂದು ತಟ್ಟೆಯನ್ನು ಮಾತ್ರ ಅವತ್ತೇ.
ಪನಾಮಾಕ್ಕೆ ಕಾಗದ ಬರೆದ ಅಪ್ಪ,
ಸತ್ತ ಸಂಗ್ರಹಕಾರರ ಹೆಂಡಿರ ಕದ ತಟ್ಟಿದ,
ಇನ್ನೊಂದು ಪ್ರತಿ ಸಿಗಲಿಲ್ಲ.
ಕಪಾಟಿನಲ್ಲಿ ಆ ಸಂದು ಹಾಗೇ ಇದೆ, ಬಿದ್ದ ಹಲ್ಲಿನ ಜಾಗ;
ಬೆರಳಿಟ್ಟರೆ ಬೈಗುಳ.

ನೊಯೆಮಿಯ ಕಂಕುಳಲ್ಲಿ ಚೌಕ ಚೀಲ.
ಫನೋರ್ ಎದೆಯ ಮೇಲೆ ಶಿಲುಬೆ ಗೀಚಿಕೊಂಡ.
"ಕೊಡಲು ಬಂದಿಲ್ಲ," ಅಂದಳು. "ಕೇಳಿಸಲು ಬಂದೆ. ಆಮೇಲೆ ಒಯ್ಯುತ್ತೇನೆ."
ನಾನು ಲಿವರಿಗೆ ಕೈ ಹಾಕಿದೆ.
"ಬೇಡ. ಮೂವತ್ತಮೂರಕ್ಕೆ ಇಳಿಸು."

ಮೊದಲು ಬಿಸಿ ಬಾಣಲೆಗೆ ಹನಿ ಬಿದ್ದ ಸದ್ದು.
ಆಮೇಲೆ ಒಬ್ಬ ಗಂಡಸು.
ಇವರೆಲ್ಲ ಹುಡುಗಿಯೆಂದುಕೊಂಡಿದ್ದ ಆ ದನಿ
ದಪ್ಪ ಗಂಟಲಿನ ನಡುವಯಸ್ಸಿನವನದು,
ಸತ್ತ ತಮ್ಮನನ್ನು ಊಟಕ್ಕೆ ಕರೆಯುತ್ತಿದ್ದಾನೆ,
ಅವಸರವೇ ಇಲ್ಲ.
ಆ ಓಟದಲ್ಲಿ ಮಾತು ಯಾರಿಗೆ ಸಿಕ್ಕಿತ್ತು!
ಇದಕ್ಕೆ ಅಪ್ಪ ಮೂರು ಪಂದ್ಯ ಗೆದ್ದಿದ್ದ.
ಇದಕ್ಕೇ ನಗುತ್ತ, ಬೆವರುತ್ತ, ಅವಳನ್ನು ಗಾಳಿಗೆಸೆದು ಹಿಡಿದು
ಮದುವೆಯಾಗಿದ್ದ.

"ನಿನಗೆ ಗೊತ್ತಿತ್ತಾ?"
"ಮಕ್ಕಳು ಮಲಗಿದ ಮೇಲೆ ಹಾಕುತ್ತಿದ್ದೆ."
"ಹೇಳಬಾರದಿತ್ತಾ?"
"ನಿಂತು ಕೇಳುವವನಾಗಿದ್ದರೆ ತಾನೇ."

ಅಪ್ಪ ಕೈ ಚಾಚಿದ. ಮಂಡಿ ಕಿರ್ರೆಂದಿತು.
ಅವನ ಪಾದಕ್ಕೆ ನಿಧಾನ ತಿಳಿಯದು:
ತಾಳಕ್ಕಿಂತ ಮುಂದೆ ಹೋಗಿ, ಕಾದು, ಮತ್ತೆ ಮುಂದೆ ಹೋಗಿ...
ಹೆಗಲ ಮೇಲೆ ಕೈಯೂರಿ ಅಮ್ಮ ತಡೆದಳು.
ಮೂರು ನಿಮಿಷದ ಹಾಡು ನಾಲ್ಕಾಯಿತು.
ಎಲ್ಲಿ ಅಡಗಿತ್ತೋ ಇಷ್ಟು ದಿನ ಆ ಒಂದು ನಿಮಿಷ.

ಮುಗಿದದ್ದೇ ತಟ್ಟೆಯನ್ನು ರವಿಕೆಯ ತೋಳಿಂದ ಒರೆಸಿದಳು.
"ತೋಳಿಂದಲ್ಲ! ತೋಳಿಂದಲ್ಲವೇ! ಮಖಮಲ್ಲು ತಾ!"
ಅಪ್ಪನ ಕೂಗಿಗೆ ಬೀದಿಯ ನಾಯಿ ಬೊಗಳಿತು.
ಬಾಗಿಲ ಬಳಿ ತಿರುಗಿದಳು ಅಮ್ಮ:
"ಇನ್ನೊಂದು ಮಗ್ಗುಲು ಮುಂದಿನ ವರ್ಷ. ಬದುಕಿರು."

ಒಬ್ದುಲಿಯೊ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೇಳಿದ:
"ಕರೆಂಟು ಹೋಗಿತ್ತೇನು? ನೆಲ ಯಾಕೋ ಅಳುತ್ತಿತ್ತು."
ನಾನು ಕೇಕಿನ ಮೇಲಿನ ಬೂದಿ ಊದಿ
ಕುಯ್ಯತೊಡಗಿದೆ.