ಬಾಗಿಲ ಬೆಳಕು

ಗಾಂಧಿ ಬಜಾರಿನ ಸೀರೆ ಅಂಗಡಿಯಲ್ಲಿ
ಅಪ್ಪನದು ಮೂವತ್ತೊಂದು ವರ್ಷ ಒಂದೇ ನಡಿಗೆ:
ಗಾದಿಯಿಂದ ಬಾಗಿಲಿಗೆ, ಬಾಗಿಲಿಂದ ಗಾದಿಗೆ.
ತೋಳ ಮೇಲೆ ಸೆರಗು ಹರವಿ
‘ಬಿಸಿಲಲ್ಲಿ ನೋಡಿ ಅಕ್ಕಾ, ಬಣ್ಣ ಇಲ್ಲಿ ನಿಜ ಹೇಳುತ್ತೆ.’
ಸಂಜೆ ಬಂದವರಿಗೆ, ‘ಕೆಂಪಾದರೆ ನಾಳೆ ಬನ್ನಿ.’

ಅಂಗಡಿಗೆ ಎಲ್‌ಇಡಿ ಹಾಕಿಸಿದ ವರ್ಷ
ಕುಂಕುಮಗೆಂಪು ಇಟ್ಟಿಗೆಯಾಯಿತು.
ಧಾರೆಗೆಂದು ಒಯ್ದ ಸೀರೆ ಎರಡು ಸಲ ವಾಪಸು ಬಂತು.
ಮಾಲೀಕರು ಕರೆಂಟ್ ಬಿಲ್ಲು ತೋರಿಸಿ ನಕ್ಕರು.
ಅಪ್ಪ ನಗಲಿಲ್ಲ. ನಮ್ಮದು ಬಣ್ಣ ಅದ್ದುವವರ ಮನೆತನ,
ಅಜ್ಜನ ಉಗುರಿನಿಂದ ಮಂಜಿಷ್ಠ ಹೋದದ್ದು ಚಿತೆಯಲ್ಲೇ.

ನಾನೀಗ ಶಂಕರಘಟ್ಟದ ಲ್ಯಾಬಿನಲ್ಲಿ
ಆ ದೀಪಕ್ಕಿಲ್ಲದ ಕೆಂಪನ್ನು ಹುಡುಕುತ್ತೇನೆ.
ನೀಲಿ ಚಿಪ್, ಮೇಲೆ ಹಳದಿ ಪುಡಿ, ಅಷ್ಟೇ ಅದರ ಬಿಳುಪು,
ಸುಣ್ಣದ ನೀರನ್ನು ಹಾಲೆಂದ ಹಾಗೆ.

ನೈಟ್ರೇಟು, ಯೂರಿಯಾ, ಚಿಟಿಕೆ ಯುರೋಪಿಯಂ.
ಐನೂರು ಡಿಗ್ರಿಯ ಬಾಯಿಗೆ ಕ್ರೂಸಿಬಲ್ ಇಡುವವನು ಕೆಂಚಪ್ಪ.
ಕುದಿಯುತ್ತೆ, ನೊರೆ ಏಳುತ್ತೆ, ಭಗ್ಗೆಂದು ಹತ್ತಿ ಆರುತ್ತೆ;
ಉಳಿಯುವುದು ವಿಭೂತಿಯಂಥ ಪುಡಿ.
‘ಇದನ್ನ ಕೆಂಪು ಅಂತೀರಲ್ಲ ಮೇಡಂ’ ಅಂತಾನೆ,
ಯುವಿ ದೀಪ ಹಚ್ಚುವವರೆಗೆ.

ಶೇಕಡಾ ಎರಡು: ಮಂಕು. ನಾಲ್ಕು: ಪರವಾಗಿಲ್ಲ.
ಏಳಕ್ಕೆ ಕತ್ತಲ ಪೆಟ್ಟಿಗೆಯೊಳಗೆ ಕೇಪಳ ಅರಳಿತು.
ದುರಾಸೆ ನನ್ನದು, ಒಂಬತ್ತು ಹಾಕಿದೆ.
ಮತ್ತೆ ಮಂಕು.
ತೀರ ಒತ್ತಾಗಿ ನಿಂತರೆ ಬೆಳಕನ್ನು ಯಾರೂ ಹೊರಗೆ ಕೊಡುವುದಿಲ್ಲ;
ನಲ್ಲಿ ಸಾಲಿನ ಬಿಂದಿಗೆಯಂತೆ ಕೈಯಿಂದ ಕೈಗೆ ದಾಟಿಸುತ್ತ ದಾಟಿಸುತ್ತ
ಯಾವುದೋ ಜಾರುಗೈಗೆ ಸಿಕ್ಕಿ ಚೆಲ್ಲಿಹೋಗುತ್ತದೆ.
ನೋಟ್‌ಬುಕ್ಕಿನಲ್ಲಿ ಗೀಚಿದ್ದೇನೆ: ಏಳು. ಅಂತರ ಬೇಕು.

ಇನ್ನೆರಡು ತಕರಾರು. ಬಿಸಿಯಾದರೆ ಕುಗ್ಗುತ್ತೆ,
ನೀಲಿಯನ್ನು ಸರಿಯಾಗಿ ಕುಡಿಯೋದಿಲ್ಲ.
ಮಾಲಿಬ್ಡೇಟಿನ ಮನೆಗೆ ಒಕ್ಕಲು ಬದಲಿಸಿದೆ,
ನಾಲ್ಕು ತಿಂಗಳು ಹೋಯಿತು.

ಮೊನ್ನೆ ಸಂಜೆ ಬಲ್ಬೊಂದನ್ನು ಹತ್ತಿಯಲ್ಲಿ ಸುತ್ತಿ
ಭದ್ರಾವತಿ ಬಸ್ಸು ಹಿಡಿದು, ಅಲ್ಲಿಂದ ಶಿವಮೊಗ್ಗಕ್ಕೆ ಬಂದೆ.
ಹೋಲ್ಡರಿಗೆ ಸಿಕ್ಕಿಸಿ ಸುಮ್ಮನೆ ನಿಂತೆ.
ಅಪ್ಪ ಇಳಕಲ್ ಒಂದನ್ನು ಬಿಡಿಸಿದ, ಮಡಚಿದ, ಮತ್ತೆ ಬಿಡಿಸಿದ.
‘ಹತ್ತಿರ ಬಂದಿದೆ’ ಅಂದ.
ಅಂದವನೇ, ರೂಢಿ ಬಿಡುತ್ತದೆಯೇ,
ತೋಳ ಮೇಲೆ ಹಾಕಿಕೊಂಡು ಬಾಗಿಲಿಗೆ ನಡೆದ.

ಹೊರಗೆ ಕತ್ತಲಾಗಿತ್ತು.
ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತು
ಸೀರೆಯನ್ನು ದೀಪದಡಿಗೇ ವಾಪಸು ತಂದ.
‘ಅಂಚಿಗೆ ಇನ್ನೊಂದು ಚೂರು ಬೇಕು.’

ಕೆಂಚಪ್ಪನಿಗೆ ನಾಳೆ ಬೇಗ ಬರಲು ಹೇಳಬೇಕು.