ಯಾವ ಕಡೆ

ಬಂದ ದಿನವೇ ಕೇಳಿದರು: ಅಕ್ಕೋರು ಯಾವ ಕಡೆ?
ಕುಷ್ಟಗಿ ಕಡೆ, ಅಂದೆ.
ನಕ್ಕರು. ಒಳ್ಳೆಯ ನಗುವೇ.
ಈ ಕಾರವಾರದ ಮೀನಿನ ವಾಸನೆ ಒಗ್ಗಲಿಕ್ಕೆ
ಮೂರು ತಿಂಗಳಾದರೂ ಬೇಕು, ಅಂದರು.

ವಾಸನೆ ಮೂರೇ ದಿನಕ್ಕೆ ಒಗ್ಗಿತು.
ತಡವಾಗಿ ತಿಳಿದದ್ದು ಕುರ್ಚಿಗಳ ವಿಷಯ.
ಕಾಳಿ ನದಿ ಸಮುದ್ರಕ್ಕೆ ಬೀಳುವುದು ಕಾಣುವ ಕಿಟಕಿಯ ಬಳಿ
ರಾಯ್ಕರ ಸರ್, ಪಿ.ಟಿ. ಪೆಡ್ನೇಕರ, ಸಮಾಜದ ಶಾನಭಾಗ.
ತಿರುಗದ ಫ್ಯಾನಿನ ಕೆಳಗೆ, ಗೋಡೆಗೆ ಮುಖ ಮಾಡಿ
ತಾಂಡೇಲ ಮೇಡಂ, ಹಿಂದಿಯ ಜುಲೇಖಾ ಟೀಚರ್.
ಚಹಾ ಒಂದೇ ಪಾತ್ರೆಯಲ್ಲಿ ಕುದಿಯುತ್ತಿತ್ತು,
ಬರುವುದು ಮಾತ್ರ ಎರಡು ಕೆಟಲಿನಲ್ಲಿ.
ಜವಾನ ಬುದವಂತ ಗೌಡ ಎರಡನ್ನೂ ಹಿಡಿದು
ನನ್ನೆದುರು ನಿಂತು ಕೇಳುತ್ತಿದ್ದ,
ಪಾಪ, ಅವನು ಕೇಳುತ್ತಿದ್ದದ್ದು ಚಹಾದ ಬಗ್ಗೆಯೇ:
ಯಾವ ಕಡೇದು ಕೊಡ್ಲಿ?

ನಾನು ಒಳಗೆ ಬಂದರೆ ಕನ್ನಡ ಎದ್ದು ಹೋಗಿ
ಕೊಂಕಣಿ ಬಂದು ಕೂರುತ್ತಿತ್ತು.
ನಾನು ಕಲಿತ ಮೊದಲ ಕೊಂಕಣಿ: ಓಗಿ ರಾವ.
ಸುಮ್ಮನಿರು, ಅಂತ.

ಆ ವಾರ ಎಂಟನೇ ಬಿ ತರಗತಿಗೆ ಕರ್ಮಣಿ ಪ್ರಯೋಗ.
ಭೀಮನಿಂದ ಮರ ಕಡಿಯಲ್ಪಟ್ಟಿತು.
ಮರ ಕಡಿಯಲಾಯಿತು.
ನೋಡಿ, ಎರಡನೆಯದರಲ್ಲಿ ಭೀಮ ಬೇಕಾಗಿಯೇ ಇಲ್ಲ.
ಹಿಂದಿನ ಬೆಂಚಿನ ದೀಕ್ಷಾ ಹರಿಕಂತ್ರ ಎದ್ದಳು.
ಬೇಲೆಗೆ ಕಲ್ಲು ತುಂಬಲಾಯಿತು.
ಅಜ್ಜನ ದೋಣಿ ಎತ್ತಿ ರಸ್ತೆಯಲ್ಲಿ ಇಡಲಾಯಿತು.
ಸರೀನಾ ಅಕ್ಕೋರೆ?
ಸರಿ.
ಹಾಗಾದ್ರೆ ಇಟ್ಟವರು ಎಲ್ಲಿ ಹೋದ್ರು?

ಗಂಟೆ ಹೊಡೆಯಿತು.
ಬುದವಂತನಿಗೆ ಅಷ್ಟು ಋಣಿಯಾದದ್ದು ಅದೊಂದೇ ಸಲ.

ಮೇಜಿನ ಮೇಲೆ ಸೂಚನಾ ಪುಸ್ತಕ ಬಿಚ್ಚಿತ್ತು.
'ಭಾನುವಾರ ಹತ್ತು ಗಂಟೆಗೆ, ಬಂದರು ಬೇಕೆಂಬ ಮೆರವಣಿಗೆಗೆ
ಸಿಬ್ಬಂದಿ ತಪ್ಪದೆ ಹಾಜರಿರಲು ಸೂಚಿಸಲಾಗಿದೆ.'
ಕಿಟಕಿ ಕಡೆಯ ಸಹಿಗಳು ಉದ್ದ, ಬಾಲ ಬಿಟ್ಟವು.
ತಾಂಡೇಲ ಮೇಡಮ್ಮಿನದೂ ಇತ್ತು.
ಇರುವೆಯಷ್ಟು.
(ಅವರ ಗಂಡನ ದೋಣಿಯೂ ಅದೇ ರಸ್ತೆಯ ಬದಿಗಿದೆ
ಎಂದು ಆಮೇಲೆ ತಿಳಿಯಿತು.)
ನನ್ನ ಹೆಸರಿನ ಮುಂದೆ ಖಾಲಿ.
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಯಾರೋ: ಪ್ರೊಬೇಷನ್.
ಯಾರೋ ಅಲ್ಲ. ಬರೆಯಲಾಗಿತ್ತು.

ರಾಯ್ಕರ ಸರ್ ಕೆಟ್ಟವರಲ್ಲ.
ಕೋಡಿಬಾಗದಲ್ಲಿ ನನಗೆ ಬಾಡಿಗೆ ಖೋಲಿ ಹುಡುಕಿದವರು,
ಜ್ವರ ಬಂದಾಗ ಮನೆಯಿಂದ ಪೇಜ, ಮಿಡಿ ಉಪ್ಪಿನಕಾಯಿ ಕಳಿಸಿದವರು.
ಪೆನ್ನೂ ಅವರದೇ. ಮುಚ್ಚಳ ತೆಗೆದು ಕೊಟ್ಟರು.
ನಿಮ್ಮ ಒಳ್ಳೇದಕ್ಕೇ, ಅಂದರು; ಕನ್ನಡದಲ್ಲೇ ಅಂದರು.
ಗೋಡೆ ಕಡೆ ಜುಲೇಖಾ ಟೀಚರ್
ಒಂದೇ ಉತ್ತರಪತ್ರಿಕೆಯನ್ನು ಬಹಳ ಹೊತ್ತಿನಿಂದ ತಿದ್ದುತ್ತಿದ್ದರು.

ಸಹಿ ಮಾಡಲಾಯಿತು.

ಆಮೇಲೆ ಬುದವಂತ ಬಂದ, ಎರಡು ಕೆಟಲು ಹಿಡಿದು.
ಈ ಸಲ ಏನೂ ಕೇಳಲಿಲ್ಲ.
ಬಲಗೈಯದನ್ನು ನನ್ನ ಲೋಟಕ್ಕೆ ಬಗ್ಗಿಸಿದ.